ದೊಡ್ಡ ಎಕ್ಸ್‌ಎಂಎಲ್ ಫೈಲ್‌ಗಳನ್ನು ರೂಪಾಂತರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ವಿಕಿಪೀಡಿಯದ ಅಷ್ಟೂ ಪಠ್ಯವನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ವಿಕಿಮೀಡಿಯ ಪ್ರತಿಷ್ಠಾನ ಅದನ್ನು 'ಡಂಪ್' ಎಂಬ ಹೆಸರಿನಲ್ಲಿ ಎಕ್ಸ್‌ಎಂಎಲ್ ಫೈಲ್ ಆಗಿ, ಅಂದರೆ ಪ್ರತಿ ಭಾಗದ ಹಿಂದೆ ಮುಂದೆ ಕೋನಾವರಣದೊಳಗೆ ಅದರ ಹೆಸರು (ಟ್ಯಾಗ್) ಬರೆದ ಪಠ್ಯದ ಫೈಲ್ ಆಗಿ ಒದಗಿಸುತ್ತದೆ. ಪದಗಳ ಬಳಕೆ ಎಣಿಸುವವರು, ಕಾಗುಣಿತ ತಿದ್ದುವ ತಂತ್ರಾಂಶ ಬರೆಯುವವರು, ಭಾಷಾ ಮಾದರಿಗಳಿಗೆ ಪಠ್ಯ ಹೊಂದಿಸುವವರು ಎಲ್ಲರೂ ಒಂದಲ್ಲ ಒಂದು ದಿನ ಈ ಫೈಲಿನ ಮುಂದೆ ಬಂದು ನಿಲ್ಲುತ್ತಾರೆ. ನಾನು ಹಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹೊಸಬರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಅವುಗಳಲ್ಲಿ ಮುಖ್ಯವಾದವುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗಳೆಲ್ಲ ವಿಕಿಪೀಡಿಯ ಡಂಪಿನವು. ನಿಮ್ಮ ಫೈಲ್ ಬ್ಯಾಂಕಿನದೋ ಗ್ರಂಥಾಲಯದ ಸೂಚಿಯದೋ ಆಗಿದ್ದರೂ ಟ್ಯಾಗುಗಳ ಹೆಸರು ಬದಲಾಗುತ್ತದೆಯೇ ಹೊರತು ಕೆಲಸದ ಕ್ರಮ ಬದಲಾಗುವುದಿಲ್ಲ.

ಫೈಲ್ ತೆರೆದ ಕೂಡಲೇ ಕಂಪ್ಯೂಟರ್ ನಿಂತುಹೋಗುತ್ತದೆ. ಏಕೆ?

ನಿಮ್ಮ ಪ್ರೋಗ್ರಾಂ ಫೈಲನ್ನು ಪೂರ್ತಿಯಾಗಿ ಮೆಮೊರಿಗೆ ಎಳೆದುಕೊಳ್ಳುತ್ತಿದೆ. ಡಾಮ್ ಎಂದು ಕರೆಯುವ ಪದ್ಧತಿಯಲ್ಲಿ ಪಾರ್ಸರ್ (ಫೈಲ್ ಓದಿ ಟ್ಯಾಗುಗಳನ್ನೂ ಪಠ್ಯವನ್ನೂ ಬಿಡಿಸಿಕೊಡುವ ತಂತ್ರಾಂಶ) ಮೊದಲ ಟ್ಯಾಗಿನಿಂದ ಕೊನೆಯ ಟ್ಯಾಗಿನವರೆಗೆ ಎಲ್ಲವನ್ನೂ ಓದಿ, ಒಂದು ಮರದ ಆಕಾರದಲ್ಲಿ ಜೋಡಿಸಿ, ಆಮೇಲೆ ನಿಮ್ಮ ಕೈಗೆ ಕೊಡುತ್ತದೆ. ಮರದ ಪ್ರತಿ ನೋಡ್, ಅಂದರೆ ಪ್ರತಿ ಕವಲು, ತನ್ನ ತಾಯಿ ಯಾರು, ಮಕ್ಕಳು ಯಾರು, ಹಿಂದಿನವರು ಯಾರು, ಮುಂದಿನವರು ಯಾರು ಎಂದು ನೆನಪಿಟ್ಟುಕೊಳ್ಳಬೇಕು. ಹತ್ತು ಅಕ್ಷರದ ಒಂದು ಶೀರ್ಷಿಕೆಗೆ ಈ ಲೆಕ್ಕಪತ್ರವೇ ಶೀರ್ಷಿಕೆಗಿಂತ ದೊಡ್ಡದಾಗುತ್ತದೆ. ಚಿಕ್ಕ ಚಿಕ್ಕ ಟ್ಯಾಗುಗಳು ಕಿಕ್ಕಿರಿದ ಫೈಲ್ ಮೆಮೊರಿಯಲ್ಲಿ ತನ್ನ ಗಾತ್ರದ ಹಲವು ಪಟ್ಟು ಹಿಗ್ಗುವುದು ಇದೇ ಕಾರಣಕ್ಕೆ.

ಕನ್ನಡ ಡಂಪ್ ಅಷ್ಟೇನೂ ದೊಡ್ಡದಲ್ಲ, ಒಳ್ಳೆಯ ಯಂತ್ರವಿದ್ದರೆ ಹೇಗೋ ನಡೆದುಹೋಗುತ್ತದೆ. ಇಂಗ್ಲಿಷ್ ವಿಕಿಪೀಡಿಯದ ಡಂಪ್ ಕುಗ್ಗಿಸಿದ ರೂಪದಲ್ಲೇ 20 ಜಿಬಿ ಮೀರುತ್ತದೆ, ಬಿಚ್ಚಿದರೆ 90 ಜಿಬಿ ದಾಟುತ್ತದೆ. ಅಲ್ಲಿ ಮೆಮೊರಿ ಹೆಚ್ಚಿಸಿಕೊಳ್ಳುವುದು ಪರಿಹಾರವಲ್ಲ. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಮಾಡಲು ಸಾಧ್ಯವೇ ಎಂದು ಕೇಳುವ ವಿದ್ಯಾರ್ಥಿಗಳಿಗೆ ನನ್ನ ಉತ್ತರ: ಖಂಡಿತ ಸಾಧ್ಯ, 2 ಜಿಬಿಯಲ್ಲೂ ಸಾಧ್ಯ. ಫೈಲಿನ ಗಾತ್ರಕ್ಕೂ ನೀವು ಬಳಸುವ ಮೆಮೊರಿಗೂ ಸಂಬಂಧವೇ ಇರದಂತೆ ಪ್ರೋಗ್ರಾಂ ಬರೆಯಬೇಕು, ಅಷ್ಟೇ.

ಹಾಗಾದರೆ ಓದುವುದು ಹೇಗೆ?

ಹರಿಯುವ ನೀರನ್ನು ಬೊಗಸೆಯಲ್ಲಿ ಹಿಡಿದ ಹಾಗೆ. ಒಂದು ಪುಟ ಬಂತು, ಬೇಕಾದ್ದನ್ನು ತೆಗೆದುಕೊಂಡಿರಿ, ಬರೆದಿರಿ, ಕೈಬಿಟ್ಟಿರಿ, ಮುಂದಿನ ಪುಟ. ಯಾವ ಕ್ಷಣದಲ್ಲೂ ಮೆಮೊರಿಯಲ್ಲಿ ಇರುವುದು ಒಂದೇ ಪುಟ.

ಇದಕ್ಕೆ ಮೂರು ದಾರಿಗಳಿವೆ. ಎಲ್ಲಕ್ಕಿಂತ ಹಳೆಯದು ಸ್ಯಾಕ್ಸ್. ಎಕ್ಸ್‌ಎಂಎಲ್ 1.0 ಶಿಫಾರಸು ಹೊರಬಂದದ್ದು 1998ರ ಫೆಬ್ರವರಿಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಡೇವಿಡ್ ಮೆಗಿನ್ಸನ್ ಅವರ ನೇತೃತ್ವದಲ್ಲಿ ಸ್ಯಾಕ್ಸ್ ಸಿದ್ಧವಾಯಿತು. ಇದರಲ್ಲಿ ಪಾರ್ಸರ್ ನಿಮ್ಮನ್ನು ಕರೆಯುತ್ತದೆ: ಟ್ಯಾಗ್ ತೆರೆಯಿತು, ಅಕ್ಷರಗಳು ಬಂದವು, ಟ್ಯಾಗ್ ಮುಚ್ಚಿತು. ನೀವು ಎಲ್ಲಿದ್ದೀರಿ ಎಂಬುದನ್ನು ನೀವೇ ನೆನಪಿಡಬೇಕು. ಎರಡನೆಯದು ಸ್ಟ್ಯಾಕ್ಸ್. ಇಲ್ಲಿ ಪಾರ್ಸರ್ ನಿಮ್ಮನ್ನು ಕರೆಯುವುದಿಲ್ಲ, ನೀವೇ 'ಮುಂದಿನದನ್ನು ಕೊಡು' ಎಂದು ಅದನ್ನು ಕೇಳುತ್ತೀರಿ. ಜಾವಾದಲ್ಲಿ ಇದು ಆರನೇ ಆವೃತ್ತಿಯಿಂದ ಜೊತೆಯಲ್ಲೇ ಬರುತ್ತದೆ; ಡಾಟ್‌ನೆಟ್ ಮತ್ತು ಪಿಎಚ್‌ಪಿಯಲ್ಲಿರುವ ಎಕ್ಸ್‌ಎಂಎಲ್ ರೀಡರ್ ಇದೇ ಬಗೆಯದು. ಮೂರನೆಯದು ನಡುವಿನ ದಾರಿ: ಇಡೀ ಫೈಲಿನ ಮರಕ್ಕೆ ಕಾಯದೆ, ಒಂದೊಂದು ಪುಟ ಮುಗಿದಂತೆ ಅದರ ಚಿಕ್ಕ ಮರವನ್ನು ನಿಮ್ಮ ಕೈಗೆ ಕೊಡುತ್ತದೆ. ಪೈಥಾನಿನ ಇಟರ್‌ಪಾರ್ಸ್ ಹಾಗೂ ಪರ್ಲ್‌ನ ಎಕ್ಸ್‌ಎಂಎಲ್ ಟ್ವಿಗ್ ಈ ಗುಂಪಿನವು.

ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕುವವರಿಗೆ ಮೂರನೆಯದನ್ನೇ ಹೇಳುತ್ತೇನೆ. ಪುಟದೊಳಗೆ ಶೀರ್ಷಿಕೆ ಎಲ್ಲಿದೆ, ಪಠ್ಯ ಎಲ್ಲಿದೆ ಎಂದು ಹೆಸರು ಹಿಡಿದು ಕೇಳಬಹುದು, ಮುಗಿದ ಪುಟಗಳನ್ನು ಎಸೆಯುತ್ತಾ ಹೋದರೆ ಮೆಮೊರಿಯೂ ಏರುವುದಿಲ್ಲ.

ಇಟರ್‌ಪಾರ್ಸ್ ಬಳಸಿದರೂ ಮೆಮೊರಿ ಏರುತ್ತಲೇ ಇದೆಯಲ್ಲ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಇಟರ್‌ಪಾರ್ಸ್ ನಿಮಗೆ ಪುಟಗಳನ್ನು ಒಂದೊಂದಾಗಿ ಕೊಡುತ್ತದೆ ನಿಜ, ಆದರೆ ಹಿಂದಿನ ಪುಟಗಳನ್ನು ತಾನಾಗಿ ಎಸೆಯುವುದಿಲ್ಲ. ಕೊಡುತ್ತಲೇ ಹಿನ್ನೆಲೆಯಲ್ಲಿ ಇಡೀ ಮರವನ್ನೂ ಕಟ್ಟುತ್ತಿರುತ್ತದೆ. ಎಸೆಯುವ ಕೆಲಸ ನಿಮ್ಮದು. ಅದಕ್ಕಾಗಿ ಕ್ಲಿಯರ್ ಎಂಬ ವಿಧಾನವಿದೆ.

ಇಲ್ಲಿ ಎರಡು ಹಳ್ಳಗಳಿವೆ. ಮೊದಲನೆಯದು: ಪುಟವನ್ನು ಕ್ಲಿಯರ್ ಮಾಡಿದರೆ ಅದರ ಒಳಗಿನದು ಹೋಗುತ್ತದೆ, ಆದರೆ ಖಾಲಿ ಸಿಪ್ಪೆ ತಾಯಿಬೇರಿಗೆ (ಎಲ್ಲ ಪುಟಗಳನ್ನೂ ಒಳಗೊಂಡ ಹೊರಗಿನ ಟ್ಯಾಗಿಗೆ) ಅಂಟಿಕೊಂಡೇ ಇರುತ್ತದೆ. ಸಾವಿರ ಪುಟಗಳಿಗೆ ಇದು ತಿಳಿಯುವುದಿಲ್ಲ. ಲಕ್ಷಾಂತರ ಪುಟಗಳಾದಾಗ ಸಿಪ್ಪೆಗಳೇ ರಾಶಿ ಬೀಳುತ್ತವೆ. ಪೈಥಾನ್ ಜೊತೆಗೇ ಬರುವ ಎಲಿಮೆಂಟ್‌ಟ್ರೀ ಬಳಸುತ್ತಿದ್ದರೆ, ಮೊದಲ 'ಸ್ಟಾರ್ಟ್' ಘಟನೆಯಲ್ಲಿ (ಟ್ಯಾಗ್ ತೆರೆದಾಗ ಬರುವ ಸೂಚನೆಯಲ್ಲಿ) ಸಿಗುವ ಬೇರನ್ನು ಒಂದು ಹೆಸರಿನಲ್ಲಿ ಹಿಡಿದಿಟ್ಟುಕೊಳ್ಳಿ. ಪ್ರತಿ ಪುಟ ಮುಗಿದ ಮೇಲೆ ಬೇರನ್ನೇ ಕ್ಲಿಯರ್ ಮಾಡಿ. ಬೇರಿನ ಗುಣಲಕ್ಷಣಗಳೂ (ಟ್ಯಾಗಿನೊಳಗೇ ಬರೆದ ವಿವರಗಳೂ) ಇದರಲ್ಲಿ ಅಳಿಸಿಹೋಗುತ್ತವೆ. ಭಾಷೆಯ ಸಂಕೇತ ಇರುವುದು ಅಲ್ಲೇ, ಬೇಕಿದ್ದರೆ ಮೊದಲೇ ಬರೆದುಕೊಳ್ಳಿ. ಪೈಥಾನಿಗೆ ಪ್ರತ್ಯೇಕವಾಗಿ ಸೇರಿಸಿಕೊಳ್ಳುವ ಎಲ್‌ಎಕ್ಸ್‌ಎಂಎಲ್ ಲೈಬ್ರರಿ ಬಳಸುತ್ತಿದ್ದರೆ ಈಗಿನ ಪುಟವನ್ನು ಕ್ಲಿಯರ್ ಮಾಡಿ, ಅದರ ಹಿಂದಿರುವ ಸೋದರ ನೋಡ್‌ಗಳನ್ನು ತಾಯಿಯಿಂದ ಒಂದೊಂದಾಗಿ ಕಳಚಿ.

ಎರಡನೆಯದು ಇದಕ್ಕೆ ತದ್ವಿರುದ್ಧ. ಮೆಮೊರಿ ಉಳಿಸುವ ಆತುರದಲ್ಲಿ ಮುಚ್ಚಿದ ಪ್ರತಿಯೊಂದು ಟ್ಯಾಗನ್ನೂ ಕ್ಲಿಯರ್ ಮಾಡುವವರಿದ್ದಾರೆ. ಆಗ 'ಟೈಟಲ್' ಮುಚ್ಚಿದಾಗಲೇ ಶೀರ್ಷಿಕೆ ಹೋಯಿತು, 'ಟೆಕ್ಸ್ಟ್' ಮುಚ್ಚಿದಾಗ ಪಠ್ಯ ಹೋಯಿತು. 'ಪೇಜ್' ಮುಚ್ಚುವ ಹೊತ್ತಿಗೆ ಕೈಯಲ್ಲಿ ಖಾಲಿ ಪುಟ. ಪ್ರೋಗ್ರಾಂ ಯಾವ ದೋಷವನ್ನೂ ತೋರಿಸುವುದಿಲ್ಲ, ಕೊನೆಯವರೆಗೂ ಓಡುತ್ತದೆ, ಖಾಲಿ ಸಾಲುಗಳನ್ನು ಬರೆಯುತ್ತದೆ. 'ಪೇಜ್' ಮುಚ್ಚಿದಾಗ ಮಾತ್ರ ಕ್ಲಿಯರ್ ಮಾಡಬೇಕು.

'ಸ್ಟಾರ್ಟ್' ಘಟನೆಯಲ್ಲಿ ಪಠ್ಯವನ್ನು ಓದಲು ಹೋಗಬೇಡಿ. ಆಗ ತೆರೆದ ಟ್ಯಾಗ್ ಮಾತ್ರ ಬಂದಿರುತ್ತದೆ. ಒಳಗಿನದು ಬಂದಿರಲೂಬಹುದು, ಬಾರದೆಯೂ ಇರಬಹುದು. ಚಿಕ್ಕ ಫೈಲಿನಲ್ಲಿ ಪರೀಕ್ಷಿಸಿದಾಗ ಬಂದಿರುತ್ತದೆ, ದೊಡ್ಡದರಲ್ಲಿ ಕೈಕೊಡುತ್ತದೆ.

'ಒಂದು ಪುಟ' ಎಂಬುದೇ ಬಹಳ ದೊಡ್ಡದಾಗಿದ್ದರೆ?

ಒಳ್ಳೆಯ ಪ್ರಶ್ನೆ, ಕೆಲಸ ಆರಂಭಿಸುವ ಮೊದಲೇ ಕೇಳಿಕೊಳ್ಳಬೇಕಾದದ್ದು. ಮೀಡಿಯಾವಿಕಿ ತಂತ್ರಾಂಶದಲ್ಲಿ ಒಂದು ಪುಟದ ಪಠ್ಯಕ್ಕೆ ಪೂರ್ವನಿಗದಿತ ಮಿತಿ 2 ಎಂಬಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ವ್ಯಂಜನ, ಸ್ವರಚಿಹ್ನೆ ಪ್ರತಿಯೊಂದೂ ಬೇರೆ ಸಂಕೇತ) 3 ಬೈಟ್ ಬೇಕು. ಆದ್ದರಿಂದ ಕನ್ನಡದಲ್ಲಿ ಆ ಮಿತಿ ಸುಮಾರು 7 ಲಕ್ಷ ಸಂಕೇತಗಳಷ್ಟಾಗುತ್ತದೆ. ಪ್ರತಿ ಪುಟದ ಈಗಿನ ಆವೃತ್ತಿ ಮಾತ್ರ ಇರುವ ಡಂಪಿನಲ್ಲಿ ಪುಟವನ್ನೇ ಘಟಕವಾಗಿ ಹಿಡಿದರೆ ಯಾವ ಚಿಂತೆಯೂ ಇಲ್ಲ.

ಪೂರ್ಣ ಇತಿಹಾಸದ ಡಂಪ್ ಹಾಗಲ್ಲ. ಅಲ್ಲಿ ಒಂದು 'ಪೇಜ್' ಟ್ಯಾಗಿನೊಳಗೆ ಆ ಪುಟ ಹುಟ್ಟಿದಂದಿನಿಂದ ಆದ ಎಲ್ಲ ತಿದ್ದುಪಡಿಗಳೂ, ಪ್ರತಿಯೊಂದರ ಪೂರ್ತಿ ಪಠ್ಯದೊಂದಿಗೆ, ಸಾಲಾಗಿ ಕೂತಿರುತ್ತವೆ. ಸಾವಿರಾರು ಸಲ ತಿದ್ದಿದ ಪುಟ ಒಂದೇ ಇಡೀ ಮೆಮೊರಿಯನ್ನು ನುಂಗಬಹುದು. ಇಲ್ಲಿ ಘಟಕ 'ಪೇಜ್' ಅಲ್ಲ, 'ರಿವಿಷನ್'. ಪುಟದ ಶೀರ್ಷಿಕೆಯನ್ನು ಬಂದಾಗಲೇ ನೆನಪಿಟ್ಟುಕೊಂಡು, ಪ್ರತಿ ರಿವಿಷನ್ ಮುಚ್ಚಿದಾಗ ಕೆಲಸ ಮುಗಿಸಿ, ಅದನ್ನು ಕಳಚಬೇಕು.

ಯಾವ ಫೈಲಾದರೂ ಸರಿ, ಮೊದಲು ಅದರ ತಲೆಯ ನೂರು ಸಾಲುಗಳನ್ನು ಬಿಚ್ಚಿ ಕಣ್ಣಾರೆ ನೋಡಿ. ಎಡಿಟರ್‌ನಲ್ಲಿ ತೆರೆಯಬೇಡಿ, 'ಹೆಡ್' ಅಥವಾ 'ಲೆಸ್' ಕಮಾಂಡ್ ಸಾಕು. ಮತ್ತೆ ಮತ್ತೆ ಬರುವ, ತನ್ನಷ್ಟಕ್ಕೆ ಪೂರ್ಣವಾಗಿರುವ, ಮಿತಿಯೊಳಗೆ ಇರುವ ಅತಿ ಚಿಕ್ಕ ಟ್ಯಾಗ್ ಯಾವುದು ಎಂದು ಗುರುತಿಸಿ. ಆ ಒಂದು ನಿರ್ಧಾರ ಸರಿಯಾದರೆ ಅರ್ಧ ಕೆಲಸ ಆದಂತೆ.

ಸ್ಯಾಕ್ಸ್‌ನಲ್ಲಿ ಪದಗಳು ತುಂಡಾಗಿ ಬರುತ್ತಿವೆ. ಪಾರ್ಸರ್ ಕೆಟ್ಟಿದೆಯೇ?

ಇಲ್ಲ. ನಾನು ಮೊದಲು ಬರೆದ ಪದ ಎಣಿಸುವ ಪ್ರೋಗ್ರಾಂನಲ್ಲಿ 'ಳೂರು' ಎಂಬ ಪದ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಅಂಥ ಪದವೇ ಇಲ್ಲವಲ್ಲ ಎಂದು ಹುಡುಕಿದಾಗ ಸ್ವಲ್ಪ ಮೇಲೆ 'ಬೆಂಗ' ಕೂಡ ಇತ್ತು. 'ಬೆಂಗಳೂರು' ಎಂಬುದು ಎಂಟು ಸಂಕೇತ, 24 ಬೈಟ್. ಪಾರ್ಸರ್‌ನ ಬಫರ್ (ಒಂದು ಸಲಕ್ಕೆ ಓದಿಟ್ಟುಕೊಳ್ಳುವ ಜಾಗ) ತುಂಬಿದ ಗಡಿ ಸರಿಯಾಗಿ ಆ ಪದದ ನಡುವೆ ಬಿದ್ದಿತ್ತು. ಸ್ಯಾಕ್ಸ್ ಒಂದು ಟ್ಯಾಗಿನ ಪಠ್ಯವನ್ನು ಒಂದೇ ಸಲಕ್ಕೆ ಕೊಡುತ್ತದೆ ಎಂಬ ಭರವಸೆ ಎಲ್ಲಿಯೂ ಇಲ್ಲ. ಎಷ್ಟು ತುಂಡುಗಳಲ್ಲಿ ಬೇಕಾದರೂ ಕೊಡಬಹುದು. ಬಫರಿನ ಗಡಿಯಲ್ಲಿ ತುಂಡಾಗುತ್ತದೆ. ಆಂಪರ್ಸೆಂಡ್, ಕೋನಾವರಣ ಮುಂತಾದ ಚಿಹ್ನೆಗಳ ಎಸ್ಕೇಪ್ ರೂಪ (ಟ್ಯಾಗಿನ ಚಿಹ್ನೆಯೆಂದು ತಪ್ಪು ತಿಳಿಯದಂತೆ ಬದಲಿಸಿ ಬರೆದ ರೂಪ) ಬಂದ ಕಡೆ ತುಂಡಾಗಬಹುದು. ವಿಕಿ ಪಠ್ಯದಲ್ಲಂತೂ ಪ್ರತಿ ಉಲ್ಲೇಖದಲ್ಲೂ ಕೋನಾವರಣಗಳಿವೆ.

ಬಂದ ತುಂಡುಗಳನ್ನೆಲ್ಲ ಒಂದು ಪಟ್ಟಿಗೆ ಸೇರಿಸುತ್ತಾ ಹೋಗಿ, ಟ್ಯಾಗ್ ಮುಚ್ಚಿದಾಗ ಒಟ್ಟಿಗೆ ಜೋಡಿಸಿ, ಆಮೇಲೆ ಪದ ಎಣಿಸಿ. ತುಂಡು ಬಂದಾಗಲೆಲ್ಲ ಹಳೆಯದರ ಮೇಲೆ ಹೊಸದನ್ನು ಬರೆದರೆ ಕೊನೆಯ ತುಂಡು ಮಾತ್ರ ಉಳಿಯುತ್ತದೆ. ಲೇಖನಗಳೆಲ್ಲ ಎರಡು ಸಾಲಿಗೆ ಇಳಿದು ಕಂಡರೆ ತಪ್ಪು ಇಲ್ಲೇ ಇದೆ ಎಂದು ತಿಳಿಯಿರಿ.

'ಪೇಜ್' ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ

ನೇಮ್‌ಸ್ಪೇಸ್. ಡಂಪಿನ ಮೊದಲ ಸಾಲಿನಲ್ಲೇ ಒಂದು ವಿಳಾಸದಂತಹ ಸಾಲು ಇದೆ. ಒಳಗಿನ ಪ್ರತಿ ಟ್ಯಾಗಿನ ನಿಜವಾದ ಹೆಸರು ಆ ವಿಳಾಸವೂ ಸೇರಿದ ಉದ್ದ ಹೆಸರು. ಆ ವಿಳಾಸದ ಕೊನೆಯಲ್ಲಿ ಆವೃತ್ತಿ ಸಂಖ್ಯೆ ಇದೆ: 0.10 ಇದ್ದದ್ದು 0.11 ಆಯಿತು. ವಿಳಾಸವನ್ನು ಪ್ರೋಗ್ರಾಂನಲ್ಲಿ ನೇರವಾಗಿ ಬರೆದಿಟ್ಟವರ ಕೆಲಸ ಆ ದಿನ ಸದ್ದಿಲ್ಲದೆ ನಿಂತಿತು. ಹಾಗೆ ಬರೆದಿಡಬೇಡಿ. ಎಲ್‌ಎಕ್ಸ್‌ಎಂಎಲ್‌ನಲ್ಲಿ ಹೂಬ್ರಾಕೆಟಿನೊಳಗೆ ನಕ್ಷತ್ರ ಚಿಹ್ನೆ ಹಾಕಿ ಹೆಸರು ಬರೆದರೆ ಯಾವ ನೇಮ್‌ಸ್ಪೇಸ್ ಆದರೂ ಸರಿ ಎಂದರ್ಥ. ಪೈಥಾನ್ 3.8ರಿಂದ ಎಲಿಮೆಂಟ್‌ಟ್ರೀಯ ಹುಡುಕಾಟದಲ್ಲೂ ಇದು ನಡೆಯುತ್ತದೆ.

ಎಕ್ಸ್‌ಎಸ್‌ಎಲ್‌ಟಿ ಬಳಸಬಹುದೇ? ರೂಪಾಂತರಕ್ಕೆಂದೇ ಇರುವ ಭಾಷೆ ಅದಲ್ಲವೇ?

ಹೌದು, ಸುಂದರವಾದ ಭಾಷೆ. ನನಗೆ ಅದರ ಮೇಲೆ ಪ್ರೀತಿಯಿದೆ. ಆದರೆ 1999ರ ಎಕ್ಸ್‌ಎಸ್‌ಎಲ್‌ಟಿ 1.0 ಇಡೀ ಮರ ಕಣ್ಣ ಮುಂದೆ ಇದೆ ಎಂದೇ ಭಾವಿಸಿ ರೂಪುಗೊಂಡದ್ದು. ಮರದ ಯಾವ ಮೂಲೆಯಿಂದಲಾದರೂ ಯಾವ ಮೂಲೆಗಾದರೂ ಹೋಗಬಹುದು ಎಂಬುದೇ ಅದರ ಶಕ್ತಿ. ಲಿನಕ್ಸ್‌ನಲ್ಲಿ ಸುಲಭವಾಗಿ ಸಿಗುವ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಕೂಡ ಮರವನ್ನು ಪೂರ್ತಿ ಕಟ್ಟಿಕೊಂಡೇ ಕೆಲಸ ಆರಂಭಿಸುತ್ತದೆ. 90 ಜಿಬಿ ಫೈಲನ್ನು ಅದಕ್ಕೆ ಕೊಟ್ಟು ಪ್ರಯೋಜನವಿಲ್ಲ.

2017ರ ಜೂನ್‌ನಲ್ಲಿ ಬಂದ ಎಕ್ಸ್‌ಎಸ್‌ಎಲ್‌ಟಿ 3.0 ಇದನ್ನು ಬದಲಿಸಿತು. ಮೈಕೆಲ್ ಕೇ ಅವರ ಸಂಪಾದಕತ್ವದ ಆ ಆವೃತ್ತಿಯ ಮುಖ್ಯ ಕೊಡುಗೆಯೇ ಸ್ಟ್ರೀಮಿಂಗ್. ಮರ ಕಟ್ಟದೆ, ಓದುತ್ತಾ ಓದುತ್ತಾ ಬರೆಯುವ ಕ್ರಮ. ಇದಕ್ಕೆ ಷರತ್ತುಗಳಿವೆ. ಒಂದು ನೋಡ್‌ನಲ್ಲಿ ನಿಂತು ಅದರ ಒಳಕ್ಕೆ ಒಮ್ಮೆ ಮಾತ್ರ ಇಳಿಯಬಹುದು. ಹರಿದುಹೋದದ್ದನ್ನು ತಿರುಗಿ ನೋಡುವಂತಿಲ್ಲ. ಮೇಲಿನ ತಾಯಿ ನೋಡ್‌ಗಳ ಹೆಸರು, ಗುಣಲಕ್ಷಣಗಳು ಸಿಗುತ್ತವೆ. ಹಿಂದಿನ ಸೋದರರು ಸಿಗುವುದಿಲ್ಲ. 'ಕೊನೆಯವರು ಯಾರು' ಎಂದು ಕೇಳುವಂತಿಲ್ಲ, ಕೊನೆ ಇನ್ನೂ ಬಂದಿಲ್ಲವಲ್ಲ.

ಈ ಷರತ್ತುಗಳಲ್ಲಿ ಸಿಕ್ಕಿಕೊಂಡು ಹೆಣಗುವ ಬದಲು ಒಂದು ಸರಳ ಮಾರ್ಗವಿದೆ. ಪುಟಗಳನ್ನು ಸ್ಟ್ರೀಮಿಂಗ್‌ನಲ್ಲಿ ಓದಿ, ಪ್ರತಿ ಪುಟಕ್ಕೂ ಕಾಪಿ-ಆಫ್ ಫಂಕ್ಷನ್ ಬಳಸಿ ಅದರ ಒಂದು ಸಣ್ಣ ನಕಲು ಮರ ಮಾಡಿಕೊಳ್ಳಿ. ಆ ನಕಲಿನೊಳಗೆ ಯಾವ ಷರತ್ತೂ ಇಲ್ಲ. ಹಿಂದೆ ಮುಂದೆ ಹೇಗೆ ಬೇಕಾದರೂ ಓಡಾಡಬಹುದು. ಹಳೆಯ ಟೆಂಪ್ಲೇಟುಗಳನ್ನೂ (ಎಕ್ಸ್‌ಎಸ್‌ಎಲ್‌ಟಿಯಲ್ಲಿ ಬರೆದ ರೂಪಾಂತರದ ನಿಯಮಗಳನ್ನೂ) ಹೆಚ್ಚು ಬದಲಿಸದೆ ಇಟ್ಟುಕೊಳ್ಳಬಹುದು. ಕೆಲಸ ಆರಂಭಿಸುವ ಮುನ್ನ ಒಂದು ವಿಷಯ ತಿಳಿದಿರಲಿ: ಎಕ್ಸ್‌ಎಸ್‌ಎಲ್‌ಟಿ ಓಡಿಸುವ ಸ್ಯಾಕ್ಸನ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಸ್ಟ್ರೀಮಿಂಗ್ ಇಲ್ಲ, ಹಣ ಕೊಟ್ಟು ಕೊಳ್ಳುವ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಇದೆ. ಉಚಿತವಾಗಿಯೇ ಮಾಡಬೇಕೆಂದರೆ ಸ್ಟ್ಯಾಕ್ಸ್‌ನಿಂದ ಒಂದೊಂದು ಪುಟ ತೆಗೆದು, ಅದನ್ನು ಸಾಮಾನ್ಯ ಎಕ್ಸ್‌ಎಸ್‌ಎಲ್‌ಟಿಗೆ ಕೊಡಿ. ಸ್ಟೈಲ್‌ಶೀಟನ್ನು (ಆ ನಿಯಮಗಳ ಫೈಲನ್ನು) ಒಮ್ಮೆ ಮಾತ್ರ ಕಂಪೈಲ್ ಮಾಡಿ ಇಟ್ಟುಕೊಳ್ಳಬೇಕು. ಪ್ರತಿ ಪುಟಕ್ಕೂ ಮತ್ತೆ ಕಂಪೈಲ್ ಮಾಡಿದರೆ ಇಡೀ ದಿನ ಅದರಲ್ಲೇ ಕಳೆಯುತ್ತದೆ.

ಫೈಲನ್ನು ಬಿಚ್ಚಿ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬೇಕೇ?

ಬೇಡ. ಕುಗ್ಗಿಸಿದ ಫೈಲನ್ನೇ ತೆರೆದು, ಬಿಚ್ಚುತ್ತಾ ಓದಿ. ಡಿಸ್ಕ್ ಜಾಗವೂ ಉಳಿಯುತ್ತದೆ.

ಡಂಪನ್ನು ಕುಗ್ಗಿಸಲು ಬಳಸುವ ಬಿಜಿಪ್2 ಬಗೆಯ ಫೈಲುಗಳಲ್ಲಿ ಒಂದು ಗುಪ್ತ ಅಪಾಯವಿದೆ. ವಿಕಿಪೀಡಿಯದ 'ಮಲ್ಟಿಸ್ಟ್ರೀಮ್' ಡಂಪ್ ಒಂದು ಫೈಲಿನಂತೆ ಕಂಡರೂ ಒಳಗೆ ಹಲವು ಬಿಜಿಪ್2 ತುಂಡುಗಳು ಸಾಲಾಗಿ ಅಂಟಿಕೊಂಡಿವೆ. ಮೊದಲ ತುಂಡಿನಲ್ಲಿ ತಾಣದ ವಿವರ ಮಾತ್ರ ಇರುತ್ತದೆ, ಆಮೇಲಿನ ಒಂದೊಂದರಲ್ಲಿ 100 ಪುಟಗಳು, ಕೊನೆಯದರಲ್ಲಿ ಮುಚ್ಚುವ ಟ್ಯಾಗ್. ಕೆಲವು ಲೈಬ್ರರಿಗಳು ಮೊದಲ ತುಂಡು ಮುಗಿದ ಕೂಡಲೇ ಫೈಲ್ ಮುಗಿಯಿತು ಎಂದುಕೊಳ್ಳುತ್ತವೆ. ಪೈಥಾನಿನಲ್ಲಿ ಇದು 3.3ರಲ್ಲಿ ಸರಿಹೋಯಿತು. ಜಾವಾದ ಕಾಮನ್ಸ್ ಕಂಪ್ರೆಸ್ ಬಳಸುವವರು ಎಲ್ಲ ತುಂಡುಗಳನ್ನೂ ಓದು ಎಂದು ಕನ್‌ಸ್ಟ್ರಕ್ಟರ್‌ನಲ್ಲೇ ಹೇಳಬೇಕು. ಹೇಳದಿದ್ದರೆ 'ಫೈಲ್ ಅನಿರೀಕ್ಷಿತವಾಗಿ ಮುಗಿದಿದೆ' ಎಂಬ ದೋಷ ಬರುತ್ತದೆ. ಡೌನ್‌ಲೋಡ್ ಅರ್ಧಕ್ಕೆ ನಿಂತಿರಬೇಕು ಎಂದುಕೊಂಡು ಮತ್ತೆ ಮತ್ತೆ ಇಳಿಸಿಕೊಂಡವರನ್ನು ನಾನು ನೋಡಿದ್ದೇನೆ. ಫೈಲ್ ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಇನ್ನೂ ವೇಗವಾಗಿ ಮಾಡುವುದು ಹೇಗೆ?

ಮೊದಲು ಅಳೆಯಿರಿ. ಫೈಲನ್ನು ಬಿಚ್ಚುವುದಷ್ಟನ್ನೇ ಮಾಡಿ, ಬಂದದ್ದನ್ನು ಎಸೆಯಿರಿ: ಎಷ್ಟು ಹೊತ್ತು? ಬಿಚ್ಚಿ, ಪಾರ್ಸ್ ಮಾಡಿ, ಏನೂ ಬರೆಯಬೇಡಿ: ಎಷ್ಟು ಹೊತ್ತು? ಕೊನೆಗೆ ಪೂರ್ತಿ ಕೆಲಸ. ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದನ್ನು ಸುಧಾರಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಬಿಜಿಪ್2 ಬಿಚ್ಚುವುದು ನಿಧಾನದ ಕೆಲಸ. ಪಾರ್ಸರ್ ಬದಲಿಸಿ ಒಂದು ವಾರ ಕಳೆದರೂ ವೇಗ ಹೆಚ್ಚದಿರುವುದು ಅನೇಕ ವೇಳೆ ಇದರಿಂದಲೇ.

ಹಾಗಿದ್ದರೆ ಬಿಚ್ಚುವ ಕೆಲಸವನ್ನು ಬೇರೆ ಪ್ರಕ್ರಿಯೆಗೆ ಕೊಟ್ಟು, ಪೈಪ್ ಮೂಲಕ ನಿಮ್ಮ ಪ್ರೋಗ್ರಾಂಗೆ ಹರಿಸಿ. ಪ್ರೊಸೆಸರಿನ ಒಂದು ಕೋರ್ ಬಿಚ್ಚುತ್ತಿರುವಾಗ ಇನ್ನೊಂದು ಪಾರ್ಸ್ ಮಾಡುತ್ತಿರುತ್ತದೆ. ಎಲ್‌ಬಿಜಿಪ್2 ಎಂಬ ಉಪಕರಣ ಬಿಚ್ಚುವುದನ್ನೇ ಹಲವು ಕೋರ್‌ಗಳಿಗೆ ಹಂಚುತ್ತದೆ.

ಇನ್ನೂ ಮುಂದೆ ಹೋಗಬೇಕೆಂದರೆ ಮಲ್ಟಿಸ್ಟ್ರೀಮ್ ಡಂಪಿನ ಜೊತೆಗೆ ಕೊಡುವ ಸೂಚಿ ಫೈಲನ್ನು ಬಳಸಿ. ಅದರ ಒಂದೊಂದು ಸಾಲಿನಲ್ಲಿ ಮೂರು ಸಂಗತಿಗಳಿವೆ: ಆ ಪುಟವಿರುವ ತುಂಡು ಫೈಲಿನ ಎಷ್ಟನೇ ಬೈಟ್‌ನಲ್ಲಿ ಆರಂಭವಾಗುತ್ತದೆ, ಪುಟದ ಸಂಖ್ಯೆ, ಪುಟದ ಶೀರ್ಷಿಕೆ. ನೇರವಾಗಿ ಆ ಬೈಟ್‌ಗೆ ಹಾರಿ, ಒಂದು ತುಂಡು ಬಿಚ್ಚಿ, 100 ಪುಟಗಳನ್ನು ಒಂದು ಕೋರ್‌ಗೆ ಕೊಡಬಹುದು. ಮುಂದಿನ ತುಂಡನ್ನು ಇನ್ನೊಂದಕ್ಕೆ. ತುಂಡಿನೊಳಗೆ ಬೇರು ಟ್ಯಾಗ್ ಇರುವುದಿಲ್ಲವಾದ್ದರಿಂದ ಹಿಂದೆ ಮುಂದೆ ಒಂದು ಬೇರನ್ನು ನೀವೇ ಸೇರಿಸಿ ಪಾರ್ಸರ್‌ಗೆ ಕೊಡಬೇಕು. ಪೈಥಾನಿನಲ್ಲಿ ಥ್ರೆಡ್‌ಗಳಿಂದ ಇದಕ್ಕೆ ಹೆಚ್ಚು ಉಪಯೋಗವಿಲ್ಲ, ಪ್ರತ್ಯೇಕ ಪ್ರಕ್ರಿಯೆಗಳೇ ಬೇಕು. ಪ್ರಕ್ರಿಯೆಗಳ ನಡುವೆ ಪಾರ್ಸ್ ಆದ ಮರಗಳನ್ನು ಕಳಿಸಬೇಡಿ. ಬೈಟ್ ಸ್ಥಾನವನ್ನು ಮಾತ್ರ ಕಳಿಸಿ, ಓದುವುದು ಬಿಚ್ಚುವುದು ಎಲ್ಲವನ್ನೂ ಆ ಪ್ರಕ್ರಿಯೆಯೇ ಮಾಡಿಕೊಳ್ಳಲಿ.

ಇಂಥ ಸೂಚಿ ಇಲ್ಲದ ಫೈಲನ್ನು ಕಂಡಕಂಡಲ್ಲಿ ಕತ್ತರಿಸಬೇಡಿ.

ಟ್ಯಾಗುಗಳನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ (ಅಕ್ಷರಗಳ ವಿನ್ಯಾಸ ಹೇಳುವ ಸೂತ್ರದಿಂದ) ಹುಡುಕಿದರೆ ಇನ್ನೂ ವೇಗವಲ್ಲವೇ?

ಇಣುಕಿ ನೋಡಲು ಸರಿ. ವಿಕಿಪೀಡಿಯ ಡಂಪಿನಲ್ಲಿ 'ಪೇಜ್' ಟ್ಯಾಗ್ ತನ್ನದೇ ಸಾಲಿನಲ್ಲಿ ಇರುತ್ತದೆ, ಲೇಖನದೊಳಗಿನ ಕೋನಾವರಣಗಳು ಎಸ್ಕೇಪ್ ಆಗಿರುತ್ತವೆ. ಹಾಗಾಗಿ ಗ್ರೆಪ್ ಎಂಬ ಹುಡುಕುವ ಕಮಾಂಡ್‌ನಿಂದ ಪುಟಗಳನ್ನು ಎಣಿಸಬಹುದು, ನಾನೂ ಎಣಿಸುತ್ತೇನೆ. ಆದರೆ ಒಂದು ಸಾಲಿಗೆ ಒಂದು ಟ್ಯಾಗ್ ಎಂಬುದು ಎಕ್ಸ್‌ಎಂಎಲ್‌ನ ನಿಯಮವಲ್ಲ, ಆ ಫೈಲ್ ಬರೆದವರ ಅಭ್ಯಾಸ. ಇಡೀ ಫೈಲ್ ಒಂದೇ ಸಾಲಿನಲ್ಲಿದ್ದರೂ ಅದು ಸರಿಯಾದ ಎಕ್ಸ್‌ಎಂಎಲ್. ಗುಣಲಕ್ಷಣಗಳ ಕ್ರಮ ಬದಲಾಗಬಹುದು, ಟಿಪ್ಪಣಿಯೊಳಗೆ ಟ್ಯಾಗ್ ಇರಬಹುದು, ಒಳಗಿನ ಕೋನಾವರಣಗಳನ್ನು ಟ್ಯಾಗೆಂದು ಎಣಿಸದ ಸಿಡೇಟಾ ವಿಭಾಗ ಬರಬಹುದು. ಬೇರೆಯವರು ನಂಬಿ ಬಳಸುವ ದತ್ತಾಂಶವನ್ನು ಹೀಗೆ ತಯಾರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಪುಟದ ಕೆಲಸಕ್ಕೆ ಇನ್ನೊಂದು ಪುಟದ ಮಾಹಿತಿ ಬೇಕಾದರೆ?

ಎರಡು ಸಲ ಓದಿ. ವಿಕಿಪೀಡಿಯದಲ್ಲಿ ಪುನರ್ನಿರ್ದೇಶನಗಳು ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಲೇಖನದಲ್ಲಿ ಹಳೆಯ ಹೆಸರಿಗೆ ಕೊಂಡಿ ಇದೆ, ಆ ಹಳೆಯ ಹೆಸರಿನ ಪುಟ ಫೈಲಿನಲ್ಲಿ ಇನ್ನೆಲ್ಲೋ ಇದೆ, ಅದರೊಳಗೆ 'ರಿಡೈರೆಕ್ಟ್' ಟ್ಯಾಗ್ ಹೊಸ ಹೆಸರನ್ನು ಹೇಳುತ್ತದೆ. ಮೊದಲ ಓದಿನಲ್ಲಿ ಹಳೆಯ ಹೆಸರು, ಹೊಸ ಹೆಸರುಗಳ ಕೋಷ್ಟಕ ಮಾತ್ರ ಕಟ್ಟಿಕೊಳ್ಳಿ. ಅದು ಚಿಕ್ಕದು, ಮೆಮೊರಿಯಲ್ಲಿ ಹಿಡಿಯುತ್ತದೆ. ಹಿಡಿಯದಿದ್ದರೆ ಎಸ್‌ಕ್ಯುಲೈಟ್ ಎಂಬ ಚಿಕ್ಕ ದತ್ತಸಂಚಯದಲ್ಲಿ ಇಡಿ. ಎರಡನೇ ಓದಿನಲ್ಲಿ ಪಠ್ಯವನ್ನು ರೂಪಾಂತರಿಸುತ್ತಾ ಕೋಷ್ಟಕವನ್ನು ನೋಡಿಕೊಳ್ಳಿ. ಎರಡು ಸಲ ಓದುವುದೆಂದರೆ ಎರಡರಷ್ಟು ಸಮಯ ಎಂದು ಹಿಂಜರಿಯಬೇಡಿ. ಎಲ್ಲವನ್ನೂ ಮೆಮೊರಿಯಲ್ಲಿ ಇಟ್ಟು ಯಂತ್ರ ಸ್ವಾಪ್‌ಗೆ (ಮೆಮೊರಿ ಸಾಲದೆ ಡಿಸ್ಕನ್ನೇ ಮೆಮೊರಿಯಂತೆ ಬಳಸುವುದಕ್ಕೆ) ಇಳಿದರೆ ಆಗುವ ನಷ್ಟಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಒಂದೇ ಫೈಲನ್ನು ತಿಂಗಳುಗಟ್ಟಲೆ ಬೇರೆ ಬೇರೆ ಪ್ರಶ್ನೆಗಳಿಗಾಗಿ ತಡಕಾಡಬೇಕಾದರೆ ಬೇಸ್‌ಎಕ್ಸ್‌ನಂತಹ ಎಕ್ಸ್‌ಎಂಎಲ್ ದತ್ತಸಂಚಯಕ್ಕೆ ಒಮ್ಮೆ ತುಂಬಿಡುವುದು ಜಾಣತನ.

ಫೈಲಿನ ನಡುವೆ 'ಮಿತಿ ಮೀರಿದೆ' ಎಂಬ ದೋಷ ಬಂದು ನಿಲ್ಲುತ್ತದೆ

ಪಾರ್ಸರ್‌ಗಳಲ್ಲಿ ರಕ್ಷಣೆಗೆಂದು ಮಿತಿಗಳನ್ನು ಇಟ್ಟಿರುತ್ತಾರೆ. ಕೆಲವೇ ಸಾಲುಗಳ ದುರುದ್ದೇಶದ ಎಕ್ಸ್‌ಎಂಎಲ್, ಎಂಟಿಟಿಗಳ (ಪಠ್ಯದ ಬದಲು ಬರೆಯುವ ಚುಟುಕು ಹೆಸರುಗಳ) ಒಳಗೆ ಎಂಟಿಟಿಗಳನ್ನು ಹೆಣೆದು, ಬಿಡಿಸಿದಾಗ ಮೆಮೊರಿಯನ್ನೆಲ್ಲ ತುಂಬುವಷ್ಟು ಬೆಳೆಯಬಲ್ಲದು. ಅದನ್ನು ತಡೆಯುವ ಮಿತಿಗಳು ದೊಡ್ಡದಾದ ಪ್ರಾಮಾಣಿಕ ಫೈಲುಗಳನ್ನೂ ಕೆಲವೊಮ್ಮೆ ತಡೆಯುತ್ತವೆ. ವಿಕಿಪೀಡಿಯ ಡಂಪನ್ನು ಜಾವಾದಲ್ಲಿ ಓದುವಾಗ ಎಂಟಿಟಿಗಳ ಒಟ್ಟು ಗಾತ್ರ ಮಿತಿ ಮೀರಿತು ಎಂಬ ದೋಷ ಬಂದರೆ, ಆ ಒಟ್ಟು ಗಾತ್ರದ ಮಿತಿಯನ್ನು ಸೊನ್ನೆಗೆ ಇಳಿಸಿ. ಸೊನ್ನೆ ಎಂದರೆ ಮಿತಿಯಿಲ್ಲ. ಎಲ್‌ಎಕ್ಸ್‌ಎಂಎಲ್ ಒಳಗೆ ಬಳಸುವ ಲಿಬ್‌ಎಕ್ಸ್‌ಎಂಎಲ್2ರಲ್ಲಿ ಒಂದೇ ಪಠ್ಯ ನೋಡ್ 1 ಕೋಟಿ ಬೈಟ್ ಮೀರಿದರೆ ನಿಲ್ಲಿಸುವ ಮಿತಿಯಿದೆ. ಚಿತ್ರಗಳನ್ನು ಅಕ್ಷರರೂಪದಲ್ಲಿ ತುಂಬಿಸಿದ ಫೈಲುಗಳಲ್ಲಿ ಇದು ಎದುರಾಗುತ್ತದೆ. ಎಲ್‌ಎಕ್ಸ್‌ಎಂಎಲ್‌ನಲ್ಲಿ 'ಹ್ಯೂಜ್ ಟ್ರೀ' ಆಯ್ಕೆ ಅದನ್ನು ಸಡಿಲಿಸುತ್ತದೆ. ಮೂಲ ಗೊತ್ತಿರುವ, ನಂಬಿಕೆಯ ಫೈಲುಗಳಿಗೆ ಮಾತ್ರ ಹೀಗೆ ಮಾಡಿ. ಅಪರಿಚಿತರು ಅಪ್‌ಲೋಡ್ ಮಾಡುವ ಫೈಲುಗಳಿಗೆ ಎಂದಿಗೂ ಬೇಡ.

ಕನ್ನಡ ಪಠ್ಯಕ್ಕೆ ಬೇರೆ ಎಚ್ಚರಿಕೆ ಬೇಕೇ?

ಬೇಕು, ನಾಲ್ಕು ಕಡೆ. ಫೈಲನ್ನು ಬೈನರಿಯಾಗಿ ತೆರೆದು ಪಾರ್ಸರ್‌ಗೆ ಕೊಡಿ. ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದ ಪದ್ಧತಿ) ಯಾವುದೆಂದು ಅದೇ ತಿಳಿದುಕೊಳ್ಳುತ್ತದೆ. ನೀವೇ 64 ಕೆಬಿ ತುಂಡುಗಳಾಗಿ ಓದಿ ಪಠ್ಯಕ್ಕೆ ತಿರುಗಿಸಲು ಹೋದರೆ 3 ಬೈಟ್‌ಗಳ ಸಂಕೇತವೊಂದು ತುಂಡಿನ ಗಡಿಯಲ್ಲಿ ಸೀಳುತ್ತದೆ, ಒಂದು ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚೌಕ ಬರುತ್ತದೆ.

ಎರಡನೆಯದು ಸಾಮಾನ್ಯೀಕರಣ. 'ಕೊಡಗು' ಪದದ 'ಕೊ' ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: 'ಕ'ದ ಮುಂದೆ ಒತ್ವ ಎಂಬ ಒಂದೇ ಸಂಕೇತ ಇಟ್ಟು, ಇಲ್ಲವೇ ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತಗಳನ್ನು ಅಕ್ಕಪಕ್ಕ ಇಟ್ಟು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸುವ ಪ್ರೋಗ್ರಾಂಗೆ ಎರಡೂ ಬೇರೆ ಬೇರೆ ಪದ. ರೂಪಾಂತರದ ಹಂತದಲ್ಲೇ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ರೂಪಕ್ಕೆ (ಇಲ್ಲಿ ಒತ್ವದ ಒಂದೇ ಸಂಕೇತವಿರುವ ರೂಪಕ್ಕೆ) ತಂದುಬಿಡಿ.

ಮೂರನೆಯದು ಕಣ್ಣಿಗೆ ಕಾಣದ ಅಕ್ಷರಗಳು. 'ಸಾಫ್ಟ್‌ವೇರ್' ಎಂದು ಬರೆದಾಗ 'ಟ್' ಮತ್ತು 'ವೇ' ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ನಡುವೆ ಶೂನ್ಯ ಅಗಲದ ಒಂದು ಸಂಕೇತ ಕೂತಿರುತ್ತದೆ. ಪಠ್ಯ ಶುಚಿಗೊಳಿಸುವ ಉತ್ಸಾಹದಲ್ಲಿ ಅದನ್ನು ಅಳಿಸಬೇಡಿ, ಕಾಗುಣಿತವೇ ಕೆಟ್ಟುಹೋಗುತ್ತದೆ. ಬೇರೆ ಭಾಷೆಗಳಿಗೆಂದು ಬರೆದ ಶುಚಿಗೊಳಿಸುವ ಸ್ಕ್ರಿಪ್ಟುಗಳನ್ನು ಹಾಗೆಯೇ ಎತ್ತಿಕೊಂಡಾಗ ಕನ್ನಡಕ್ಕೆ ಆಗುವ ಪೆಟ್ಟು ಇದು. ನೋಡಿದಾಗಲೆಲ್ಲ ನೋವಾಗುತ್ತದೆ.

ಕೊನೆಯದು ಫಲಿತಾಂಶದ ಗಾತ್ರ. ಜೆಸನ್ (ದತ್ತಾಂಶ ಬರೆದಿಡುವ ಇನ್ನೊಂದು ಪಠ್ಯರೂಪ) ಆಗಿ ಬರೆಯುವಾಗ ಪೈಥಾನ್ ತನ್ನಷ್ಟಕ್ಕೆ ಬಿಟ್ಟರೆ ಪ್ರತಿ ಕನ್ನಡ ಸಂಕೇತವನ್ನೂ ಆರು ಅಕ್ಷರಗಳ ಎಸ್ಕೇಪ್ ರೂಪದಲ್ಲಿ ಬರೆಯುತ್ತದೆ. 3 ಬೈಟ್ ಬೇಕಾದ ಕಡೆ 6 ಬೈಟ್. 'ಎನ್‌ಶೂರ್ ಆಸ್ಕಿ' ಎಂಬ ಆಯ್ಕೆಯನ್ನು ನಿಷ್ಕ್ರಿಯಗೊಳಿಸಿದರೆ ಫೈಲಿನ ಕನ್ನಡ ಭಾಗ ಅರ್ಧಕ್ಕೆ ಇಳಿಯುತ್ತದೆ, ಕಣ್ಣಿನಿಂದ ಓದಲೂ ಬರುತ್ತದೆ.

ಫಲಿತಾಂಶವನ್ನು ಬರೆಯುವಾಗ ಏನು ನೋಡಿಕೊಳ್ಳಬೇಕು?

ಓದುವಾಗ ಹರಿಸಿದಂತೆ ಬರೆಯುವಾಗಲೂ ಹರಿಸಿ. ಪುಟಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಕೂಡಿಟ್ಟು ಕೊನೆಗೆ ಬರೆಯುವುದಾದರೆ ಮೆಮೊರಿ ಉಳಿಸಿದ್ದೆಲ್ಲ ವ್ಯರ್ಥ. ಸಾಲಿಗೊಂದು ಪುಟದಂತೆ ಜೆಸನ್ ಬರೆದರೆ ಮುಂದಿನವರಿಗೂ ಹರಿಸಿ ಓದಲು ಸುಲಭ. ಎಕ್ಸ್‌ಎಂಎಲ್ಲೇ ಬೇಕಾದರೆ ಟ್ಯಾಗುಗಳನ್ನು ಕೈಯಿಂದ ಜೋಡಿಸಬೇಡಿ, ಲೈಬ್ರರಿಯ ರೈಟರ್ ಬಳಸಿ. ಎಲ್ಲೋ ಒಂದು ಶೀರ್ಷಿಕೆಯಲ್ಲಿ ಆಂಪರ್ಸೆಂಡ್ ಇದ್ದೇ ಇರುತ್ತದೆ; ಅದನ್ನು ಎಸ್ಕೇಪ್ ಮಾಡದೆ ಬರೆದರೆ ಅಲ್ಲಿಂದ ಮುಂದಕ್ಕೆ ಇಡೀ ಫೈಲನ್ನು ಯಾವ ಪಾರ್ಸರೂ ಓದುವುದಿಲ್ಲ.

ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿ ಮುಗಿದ ಮೇಲೆ ನಿಜವಾದ ಹೆಸರು ಕೊಡಿ. ಆರು ಗಂಟೆ ಓಡಿದ ಮೇಲೆ ವಿದ್ಯುತ್ ಹೋದರೆ, ಅರ್ಧ ಬರೆದ ಫೈಲನ್ನು ಪೂರ್ತಿಯಾದದ್ದೆಂದು ಯಾರೂ ತಪ್ಪು ತಿಳಿಯಬಾರದು.

ಎಲ್ಲ ಸರಿಯಾಗಿ ಬಂದಿದೆ ಎಂದು ತಿಳಿಯುವುದು ಹೇಗೆ?

ಕಳೆದುಹೋದ ಪುಟ ತಾನಾಗಿ ಕೂಗಿ ಹೇಳುವುದಿಲ್ಲ, ಎಣಿಸಿಯೇ ತಿಳಿಯಬೇಕು. ಡಂಪ್ ಇಳಿಸಿದ ಕೂಡಲೇ ತಾಣದಲ್ಲಿ ಕೊಟ್ಟಿರುವ ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕಹಾಕಿದ ಗುರುತು) ಜೊತೆ ಹೋಲಿಸಿ. ರೂಪಾಂತರದಲ್ಲಿ ಓದಿದ ಪುಟ, ಬರೆದ ಪುಟ, ಬಿಟ್ಟ ಪುಟ ಮೂರನ್ನೂ ಎಣಿಸಿ, ಬಿಟ್ಟದ್ದನ್ನು ಕಾರಣದ ಪ್ರಕಾರ ಬೇರೆ ಬೇರೆಯಾಗಿ ಎಣಿಸಿ: ಪುನರ್ನಿರ್ದೇಶನ ಇಷ್ಟು, ಟೆಂಪ್ಲೇಟ್ ಇಷ್ಟು, ವರ್ಗ ಇಷ್ಟು. 'ಎನ್ಎಸ್' ಟ್ಯಾಗಿನಲ್ಲಿ ಲೇಖನಕ್ಕೆ 0, ಟೆಂಪ್ಲೇಟಿಗೆ 10, ವರ್ಗಕ್ಕೆ 14 ಎಂದು ಇರುವುದರಿಂದ ಇದು ಕಷ್ಟವಲ್ಲ. ಬರೆದದ್ದು ಮತ್ತು ಬಿಟ್ಟದ್ದು ಕೂಡಿದರೆ ಓದಿದ್ದಕ್ಕೆ ಸರಿಹೊಂದಬೇಕು.

ಓದಿದ್ದು ಸರಿಯೇ ಎಂಬುದಕ್ಕೆ ಸೂಚಿ ಫೈಲ್ ಸಾಕ್ಷಿ. ಪುಟಕ್ಕೊಂದು ಸಾಲು ಇರುವುದರಿಂದ ಅದರ ಸಾಲುಗಳ ಸಂಖ್ಯೆಯೇ ಒಟ್ಟು ಪುಟಗಳ ಸಂಖ್ಯೆ. ಆಮೇಲೆ ಸೂಚಿಯ ಕೊನೆಯ ಸಾಲಿನ ಶೀರ್ಷಿಕೆಯನ್ನು ನೋಡಿ, ನಿಮ್ಮ ಪ್ರೋಗ್ರಾಂ ಕೊನೆಯದಾಗಿ ಓದಿದ ಪುಟವೂ ಅದೇ ಆಗಿರಬೇಕು. ನಡುವಿನಿಂದ ಹತ್ತು ಪುಟಗಳನ್ನು ಎತ್ತಿಕೊಂಡು, ಮೂಲ ಪಠ್ಯವನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ. ನಾನು ಉದ್ದವಾದ ಲೇಖನಗಳನ್ನೇ ಆರಿಸಿಕೊಂಡು ಅವುಗಳ ಕೊನೆಯ ಪ್ಯಾರಾದಿಂದ ಓದಲು ಆರಂಭಿಸುತ್ತೇನೆ. ಪಠ್ಯ ಕತ್ತರಿಸಿಹೋಗಿದ್ದರೆ ಅಲ್ಲಿ ಬೇಗ ಸಿಕ್ಕಿಬೀಳುತ್ತದೆ.